ಒಂದು ರಾಗ, ಒಂದು ಗುಡಿ, ಮೂರು ನಿಮಿಷದ ಸಿನಿಮಾ: ಗದಗದ ಬೇಸಿಗೆ ರಜೆಗೆ ನನ್ನ ಟೈಮ್‌ಟೇಬಲ್

ಏಪ್ರಿಲ್ ಬಂತೆಂದರೆ ಕಾಕಾನ ಮಕ್ಕಳು, ಮಾವನ ಮಕ್ಕಳು, ಓಣಿಯ ಹುಡುಗರು ಎಲ್ಲರಿಂದಲೂ ಒಂದೇ ತರಹದ ಮೆಸೇಜ್ ಬರುತ್ತದೆ. “ಅಕ್ಕಾ, ಪರೀಕ್ಷಾ ಮುಗದ್ವು. ಚಿತ್ರ ಕಲೀಬೇಕು, ಗಿಟಾರ್ ಕಲೀಬೇಕು, ಶಾರ್ಟ್ ಫಿಲ್ಮ್ ಮಾಡಬೇಕು. ಯಾವದರಿಂದ ಚಾಲೂ ಮಾಡ್ಲಿ?”

ಮೂರನ್ನೂ ಮಾಡಿ ಅಂತಲೇ ನಾನು ಹೇಳುವುದು. ಆದರೆ ಒಂದೊಂದರಲ್ಲಿ ಒಂದೊಂದೇ ಹಿಡಿಯಿರಿ. ಒಂದು ರಾಗ. ಒಂದು ಗುಡಿ. ಮೂರು ನಿಮಿಷದ ಒಂದು ಸಿನಿಮಾ. ಜೂನ್ ಮಳೆ ಹಿಡಿಯುವವರೆಗೆ ಇಷ್ಟೇ. ನಡುವೆ ಬೇರೆ ಏನಾದರೂ ತಲೆಗೆ ಹೊಕ್ಕರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ, ಮುಂದಿನ ವರ್ಷಕ್ಕೆ ಆಯಿತು. ದಿನಕ್ಕೊಂದು ಹೊಸ ಹುಚ್ಚು ಹಿಡಿದರೆ ರಜೆ ಪೂರ್ತಿ ಫೋನ್ ನೋಡುವುದರಲ್ಲೇ ಹೋಗುತ್ತದೆ. ಕೈ ಮಾತ್ರ ಖಾಲಿ.

ನಾನು ಬೆಟಗೇರಿಯವಳು. ಧಾರವಾಡದಲ್ಲಿ ಚಿತ್ರಕಲೆ ಓದುತ್ತಿದ್ದೇನೆ. ಅಪ್ಪನಿಗೆ ಗದಗದಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ಹಾಗಾಗಿ ಇಲ್ಲಿರುವುದೆಲ್ಲ ನಮ್ಮ ಸುತ್ತಮುತ್ತಲಿನದೇ ಲೆಕ್ಕ. ಹಾವೇರಿಯವರು ನಾನು ಹೇಳುವ ಲಕ್ಕುಂಡಿಯ ಗುಡಿಯ ಬದಲು ಹಾನಗಲ್ಲಿನ ತಾರಕೇಶ್ವರ ಗುಡಿ ಹಿಡಿಯಬಹುದು. ಹುಬ್ಬಳ್ಳಿಯವರಿಗೆ ಉಣಕಲ್ಲಿನ ಚಂದ್ರಮೌಳೇಶ್ವರ ಇದೆ. ಕ್ರಮ ಅದೇ.

ಮೊದಲು ಟೈಮ್‌ಟೇಬಲ್. ಇದನ್ನು ನಾವು ಹಾಕುವುದಲ್ಲ, ಬಿಸಿಲು ಹಾಕಿಕೊಡುತ್ತದೆ. ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನ 38, 40 ಡಿಗ್ರಿ ಆಗುವುದು ಮಾಮೂಲು. ಆ ಹೊತ್ತಿಗೆ ಹೊರಗೆ ಕೂತು ಚಿತ್ರ ಬರೆಯುತ್ತೇನೆ ಅನ್ನುವುದು ಬರೀ ಹಟ. ಬೆಳಿಗ್ಗೆ 6ರಿಂದ 9ರವರೆಗೆ ಚಿತ್ರ. ಊಟ ಆದ ಮೇಲೆ ಕಿಟಕಿ ಮುಚ್ಚಿ ಸಂಗೀತ. ಸಂಜೆ 5ರ ಮೇಲೆ ಶೂಟಿಂಗ್. ರಾತ್ರಿ ಮಾಳಿಗೆಯ ಮೇಲೆ ಎಡಿಟಿಂಗ್. ಮಧ್ಯಾಹ್ನದ ನಿದ್ದೆ ಬೇಕಾದವರು ಮಾಡಿ, ಅದಕ್ಕೆ ನನ್ನದೇನೂ ತಕರಾರಿಲ್ಲ.

ಕಾಗದಕ್ಕೆ ದುಡ್ಡು ಹಾಕಬೇಡಿ

ದುಬಾರಿ ಸ್ಕೆಚ್‌ಬುಕ್ ತಂದರೆ ಮೊದಲ ಪುಟ ಹಾಳಾದೀತು ಅಂತ ಕೈ ನಡುಗುತ್ತದೆ. ಗದಗ ಪ್ರೆಸ್ಸುಗಳ ಊರು. ಪುಸ್ತಕ, ಪಂಚಾಂಗ, ಲಗ್ನಪತ್ರಿಕೆ ಕತ್ತರಿಸಿದ ಮೇಲೆ ಉಳಿಯುವ ಕಾಗದದ ಪಟ್ಟಿಗಳು ಮೂಲೆಯಲ್ಲಿ ಗುಡ್ಡೆ ಬಿದ್ದಿರುತ್ತವೆ. ಹೋಗಿ ಕೇಳಿ. ಮ್ಯಾಪ್‌ಲಿಥೋ ಅನ್ನುವ ಹೊಳಪಿಲ್ಲದ ಕಾಗದವನ್ನೇ ಆರಿಸಿಕೊಳ್ಳಿ, ಪೆನ್ಸಿಲ್ ಚೆನ್ನಾಗಿ ಹಿಡಿಯುತ್ತದೆ. ಮಿರಮಿರ ಹೊಳೆಯುವ ಆರ್ಟ್ ಪೇಪರ್ ನೋಡಲು ಚೆಂದ, ಆದರೆ ಅದರ ಮೇಲೆ ಪೆನ್ಸಿಲ್ ಜಾರುತ್ತದೆ, ನೀರಿನ ಬಣ್ಣ ನಿಲ್ಲುವುದೇ ಇಲ್ಲ. ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟು ಬಣ್ಣಕ್ಕೆ ಬಹಳ ಒಳ್ಳೆಯದು. ಒಂದು 2ಬಿ, ಒಂದು 6ಬಿ ಪೆನ್ಸಿಲ್, ಒಂದು ರಬ್ಬರು, ಕೆಳಗೆ ಇಟ್ಟುಕೊಳ್ಳಲು ಪರೀಕ್ಷೆಗೆ ಒಯ್ದ ಪ್ಯಾಡು. ಚಿತ್ರದ ಖರ್ಚು ಇಲ್ಲಿಗೆ ಮುಗಿಯಿತು.

ಲಕ್ಕುಂಡಿ ಗದಗದಿಂದ 12 ಕಿಲೋಮೀಟರ್. ಬೆಳಗಿನ ಬಸ್ಸಿಗೆ ಹೋದರೆ ಎಳೆ ಬಿಸಿಲು ಸಿಗುತ್ತದೆ. ಇದು ಮುಖ್ಯ. ಕೆತ್ತನೆ ಕಾಣುವುದು ಬೆಳಕಿನಿಂದಲ್ಲ, ನೆರಳಿನಿಂದ. ಸೂರ್ಯ ಕೆಳಗಿದ್ದಾಗ ಬೆಳಕು ಗೋಡೆಯ ಮೇಲೆ ಅಡ್ಡಡ್ಡ ಬೀಳುತ್ತದೆ, ಸಣ್ಣ ಎಲೆ, ಮಣಿ, ಬಳ್ಳಿಗೂ ಒಂದು ನೆರಳು ಹುಟ್ಟುತ್ತದೆ. 10 ಗಂಟೆ ದಾಟಿದರೆ ಅದೆಲ್ಲ ಅಳಿಸಿ ಹೋಗುತ್ತದೆ.

ಊರಲ್ಲಿ ಗುಡಿಗಳು, ಬಾವಿಗಳು ಬೇಕಾದಷ್ಟಿವೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಇದೆ, ಮೆಟ್ಟಿಲು ಇಳಿದು ಹೋಗುವ ಮುಸುಕಿನ ಬಾವಿ ಇದೆ. ಮೊದಲ ದಿನ ಎಲ್ಲವನ್ನೂ ಸುತ್ತಿ ನೋಡಿ, ಪೆನ್ಸಿಲ್ ತೆಗೆಯಲೇಬೇಡಿ. ಆಮೇಲೆ ಒಂದನ್ನು ಆರಿಸಿಕೊಳ್ಳಿ. ನನ್ನದು ಕಾಶಿ ವಿಶ್ವನಾಥ ಗುಡಿ. ಅಲ್ಲಿ ಶಿವನಿಗೆ ಎದುರಾಗಿ ಸೂರ್ಯನ ಗುಡಿ ಇದೆ, ಎರಡೂ ಒಂದೇ ಜಗತಿಯ (ಎತ್ತರದ ಕಟ್ಟೆ) ಮೇಲೆ ಮುಖಕ್ಕೆ ಮುಖ ಮಾಡಿ ನಿಂತಿವೆ. ಇಡೀ ಗುಡಿಯನ್ನು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಬರೆಯಿರಿ, ಆದರೆ ಬೆಂಕಿಪೊಟ್ಟಣದಷ್ಟು ದೊಡ್ಡದಾಗಿ, ಬರೀ ಹೊರಗಿನ ಆಕಾರ, ಒಳಗೆ ಪೂರ್ತಿ ಕಪ್ಪು. ಒಂದು ಹಾಳೆಯಲ್ಲಿ ಇಂಥವು ಹತ್ತಾರು ಹಿಡಿಯುತ್ತವೆ. ಗುಡಿಯ ತೂಕ ಎಲ್ಲಿದೆ ಅನ್ನುವುದು ಇದರಿಂದಲೇ ಗೊತ್ತಾಗುವುದು.

ಆಮೇಲೆ ಒಂದು ಕಂಬ. ಬರೀ ಒಂದು. ನಮ್ಮ ಕಡೆಯ ಚಾಲುಕ್ಯರ ಕಾಲದ ಕಂಬಗಳನ್ನು ಕಡೆದು ನುಣುಪು ಮಾಡಿದ್ದಾರೆ. ಬಳಪದ ಕಲ್ಲು ಮೆದು, ಅದಕ್ಕೇ ಅಷ್ಟು ಚೂಪಾದ ಗೆರೆಗಳು ಬಂದಿವೆ. ಕಡೆದ ಕಂಬ ಅಂದ ಮೇಲೆ ಎಡ ಬಲ ಎರಡೂ ಒಂದೇ ಅಲ್ವಾ? ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಬಲಗಡೆಯ ಏರಿಳಿತವನ್ನು ಮಾತ್ರ ನೋಡಿ ಬರೆಯಿರಿ. ಮನೆಗೆ ಬಂದು ಆ ಗೆರೆಗೆ ಸರಿಯಾಗಿ ಹಾಳೆ ಮಡಚಿ, ಕಿಟಕಿಯ ಗಾಜಿಗೆ ಹಿಡಿದು ಇನ್ನೊಂದು ಅರ್ಧವನ್ನು ತಿದ್ದಿ ತೆಗೆಯಿರಿ. ಬಿಚ್ಚಿದಾಗ ಕಂಬ ತೀರಾ ದಪ್ಪ ಇಲ್ಲವೇ ತೆಳ್ಳಗೆ ಕಂಡರೆ ನಿಮ್ಮ ಅಳತೆ ಎಲ್ಲಿ ತಪ್ಪಿದೆ ಅಂತ ಹಾಳೆಯೇ ಹೇಳುತ್ತದೆ. ಮುಂದಿನ ಸಲ ಅದೇ ಕಂಬ, ಆದರೆ ಗೆರೆಯೇ ಇಲ್ಲದೆ ಬರೀ ನೆರಳು. ಅದರ ಮುಂದಿನ ಸಲ ಅದೇ ಕಂಬ, ಪೆನ್ಸಿಲ್ ಬಿಟ್ಟು ನೇರ ಬಾಲ್ ಪೆನ್ನಿನಲ್ಲಿ.

ಕೆತ್ತನೆಯ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಬೇಡಿ, ಸೀಮೆಸುಣ್ಣ ತಾಗಿಸಬೇಡಿ. ಅದು ಸಂರಕ್ಷಿತ ಜಾಗ. ಟ್ರೈಪಾಡ್ ಇಡುವುದಕ್ಕೂ ಅಲ್ಲಿ ಅನುಮತಿ ಬೇಕಾಗುತ್ತದೆ, ಅದಕ್ಕೇ ಸಿನಿಮಾ ಆಸೆಯನ್ನು ಗುಡಿಯಲ್ಲಿ ತೀರಿಸಿಕೊಳ್ಳಲು ಹೋಗಬೇಡಿ.

ಮಧ್ಯಾಹ್ನ ಮನೆಯಲ್ಲಿ ಕೂತು ಮಾಡುವಂಥ ಒಂದು ಚಿತ್ರವೂ ಇದೆ. ಡಂಬಳದ ದೊಡ್ಡಬಸಪ್ಪ ಗುಡಿಯ ಗರ್ಭಗುಡಿಯನ್ನು ಮೇಲಿನಿಂದ ನೋಡಿದರೆ 24 ಮೂಲೆಯ ನಕ್ಷತ್ರ. ಅದನ್ನು ಶಾಲೆಯ ಕಂಪಾಸ್ ಬಾಕ್ಸಿನಲ್ಲೇ ಬರೆಯಬಹುದು. 7 ಸೆಂಟಿಮೀಟರ್ ತ್ರಿಜ್ಯದ ವೃತ್ತ ಹಾಕಿ. ಕೋನಮಾಪಕ ಇಟ್ಟು 15 ಡಿಗ್ರಿಗೊಂದು ಚುಕ್ಕೆ ಇಡಿ, ಒಟ್ಟು 24 ಆಗುತ್ತವೆ. ಅವಕ್ಕೆ 1ರಿಂದ 24ರವರೆಗೆ ನಂಬರು ಕೊಡಿ. 1, 7, 13, 19 ಸೇರಿಸಿದರೆ ಒಂದು ಚೌಕ. 2, 8, 14, 20 ಸೇರಿಸಿದರೆ ಇನ್ನೊಂದು. ಹೀಗೆ 6, 12, 18, 24ರವರೆಗೆ ಆರು ಚೌಕ. ಈಗ ಒಳಗಿನ ಗೆರೆಗಳನ್ನೆಲ್ಲ ಅಳಿಸಿ ಹೊರಗಿನ ಅಂಚು ಮಾತ್ರ ಉಳಿಸಿ. 24 ಮೂಲೆ, 48 ಬದಿ. ಅಂದಿನ ಶಿಲ್ಪಿಗಳು ಒಂದು ಚೌಕವನ್ನು ತಿರುಗಿಸುತ್ತಾ ಹೋಗಿ ಗುಡಿ ಎಬ್ಬಿಸಿದರು ಅನ್ನುವುದನ್ನು ಓದುವುದಕ್ಕಿಂತ ಹೀಗೆ ಕೈಯಿಂದ ಮಾಡಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆಮೇಲೆ ಒಂದು ಬೆಳಿಗ್ಗೆ ಡಂಬಳಕ್ಕೆ ಹೋಗಿ ಗೋಡೆಯ ಸುತ್ತ ಮೂಲೆ ಎಣಿಸಿ.

ಹೊಲದ ಮಣ್ಣಿನಿಂದ ಬಣ್ಣ

ಇದು ನನ್ನ ಅಚ್ಚುಮೆಚ್ಚಿನ ಹುಚ್ಚು, ಸ್ವಲ್ಪ ಉದ್ದ ಹೇಳುತ್ತೇನೆ. ನಾವು ಪುಣ್ಯವಂತರು. ಬಸ್ಸಿನಲ್ಲಿ ಸ್ವಲ್ಪ ಹೊತ್ತು ಕೂತರೆ ಮಣ್ಣಿನ ಬಣ್ಣ ಬದಲಾಗುತ್ತದೆ. ನವಲಗುಂದ, ರೋಣದ ಕಡೆ ಕಪ್ಪು ಎರೆಮಣ್ಣು. ಕಲಘಟಗಿಯ ಕಡೆ ಕೆಂಪು. ಗದಗದ ಸುತ್ತ ಎರೆಯ ನಡುವೆ ಅಲ್ಲಲ್ಲಿ ಕೆಂಪು ಮಸಾರಿ. ಒಂದೊಂದು ಕಡೆಯಿಂದ ಒಂದೊಂದು ಮುಷ್ಟಿ ತನ್ನಿ. ಹೊಲದವರನ್ನು ಕೇಳಿ ತನ್ನಿ. “ಮಣ್ಣ ತಗೊಂಡ ಏನ್ ಮಾಡ್ತಿ ಯವ್ವಾ?” ಅಂತ ಕೇಳುತ್ತಾರೆ, ಚಿತ್ರ ಬರೀತೀನಿ ಅಂದರೆ ನಕ್ಕು ಎರಡು ಮುಷ್ಟಿ ಕೊಡುತ್ತಾರೆ.

ಮಣ್ಣನ್ನು ಒಣಗಿಸಿ, ಕುಟ್ಟಿ, ಸಾಣಿಗೆಯಲ್ಲಿ ಸೋಸಿ. ಅವ್ವನ ಅಡುಗೆಮನೆಯ ಸಾಣಿಗೆ ಬೇಡ, ಹಳೆಯದೊಂದು ಹುಡುಕಿ. ಒಂದು ಡಬ್ಬಿಯಲ್ಲಿ ಹಾಕಿ ನೀರು ತುಂಬಿ ಚೆನ್ನಾಗಿ ಕಲಕಿ. 30ರವರೆಗೆ ಎಣಿಸಿ. ಮರಳು ತಳಕ್ಕೆ ಕೂರುತ್ತದೆ. ಮೇಲಿನ ರಾಡಿ ನೀರನ್ನು ಮಾತ್ರ ಇನ್ನೊಂದು ಡಬ್ಬಿಗೆ ಬಗ್ಗಿಸಿ. ನಮಗೆ ಬೇಕಾದದ್ದು ಆ ರಾಡಿ. ಅದನ್ನು ರಾತ್ರಿಯಿಡೀ ಬಿಟ್ಟರೆ ನುಣ್ಣನೆಯ ಮಣ್ಣು ಕೆಳಗಿಳಿದು ತಿಳಿ ನೀರು ಮೇಲೆ ನಿಲ್ಲುತ್ತದೆ. ಎರೆಮಣ್ಣು ಮಾತ್ರ ಬೇಗ ಇಳಿಯುವುದಿಲ್ಲ, ಇನ್ನೊಂದು ದಿನ ತಾಳ್ಮೆ ಬೇಕು. ತಿಳಿ ನೀರು ಚೆಲ್ಲಿ, ಉಳಿದದ್ದನ್ನು ತಟ್ಟೆಯಲ್ಲಿ ಹರಡಿ ಬಿಸಿಲಿಗಿಡಿ. ನಮ್ಮ ಬಿಸಿಲಿಗೆ ಒಣಗಲು ಎಷ್ಟು ಹೊತ್ತು? ಒಣಗಿದ ಹೆಂಟೆಯನ್ನು ಮತ್ತೆ ಪುಡಿ ಮಾಡಿದರೆ ಬಣ್ಣದ ಪುಡಿ ತಯಾರು.

ಇನ್ನು ಅಂಟು. ಅಂಗಡಿಯ ಜಲವರ್ಣದ ಡಬ್ಬಿಯೊಳಗೆ ಇರುವುದೂ ಜಾಲಿಯ ಜಾತಿಯ ಮರದ ಅಂಟೇ. ನಮ್ಮ ಬದುವಿನ ಕರಿಜಾಲಿಯ ಕಾಂಡದಲ್ಲಿ ಬೇಸಿಗೆಗೆ ಅಂಟು ಮಣಿಮಣಿಯಾಗಿ ಒಸರಿರುತ್ತದೆ. ಮುಳ್ಳು ನೋಡಿಕೊಂಡು ಕೀಳಿ. ಒಂದು ಪಾಲು ಅಂಟಿಗೆ ಎರಡು ಪಾಲು ನೀರು ಹಾಕಿ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಒಂದೆರಡು ಲವಂಗ ಹಾಕಿಟ್ಟರೆ ಬೇಗ ಕೆಡುವುದಿಲ್ಲ. ಎರಡು ಚಮಚ ಪುಡಿಗೆ ಸುಮಾರು ಒಂದು ಚಮಚ ಅಂಟುನೀರು, ಎರಡು ಹನಿ ಜೇನುತುಪ್ಪ. ಗಾಜಿನ ಮೇಲೆ ಹಾಕಿ ಸ್ಟೀಲ್ ಲೋಟದ ತಳದಿಂದ ಅರೆಯಿರಿ. ಕರಕರ ಸದ್ದು ನಿಲ್ಲುವವರೆಗೆ ಅರೆಯಬೇಕು.

ಕಾಗದಕ್ಕೆ ಹಚ್ಚಿ ಒಣಗಿಸಿ, ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಪುಡಿ ಹತ್ತಿದರೆ ಅಂಟು ಕಡಿಮೆ. ಬಣ್ಣ ಹೊಳೆದರೆ, ಸಿಪ್ಪೆ ಎದ್ದರೆ ಅಂಟು ಜಾಸ್ತಿ. ಎರೆಮಣ್ಣನ್ನು ಯಾವಾಗಲೂ ತೆಳ್ಳಗೆ ಹಚ್ಚಿ. ಅದು ನೀರು ಕುಡಿದು ಉಬ್ಬುವ ಮಣ್ಣು, ಒಣಗುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವ ಕಾರಣವೇ ಕಾಗದದ ಮೇಲೂ ಕೆಲಸ ಮಾಡುತ್ತದೆ. ಕಪ್ಪು ಬರುತ್ತದೆ ಅಂತ ಕಾಯಬೇಡಿ, ಎರೆಮಣ್ಣಿನಿಂದ ಬರುವುದು ಬೂದಿ ಬೆರೆತ ಕಂದು. ನಿಜವಾದ ಕಪ್ಪು ಬೇಕಾದರೆ ದೀಪದ ಕಾಡಿಗೆ ಹಿಡಿಯಿರಿ.

ಅರಿಶಿನ ಹಚ್ಚಿದರೆ ಮೊದಲ ದಿನ ಹಬ್ಬ, ಆದರೆ ಬಿಸಿಲಿಗೆ ಬಣ್ಣ ಹಾರಿಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯಿಂದ ಕೆಂಪು ಮಾಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಅದರ ಬಣ್ಣ ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಬಿಡುವುದಿಲ್ಲ. ಸಾರಿನ ಒಗ್ಗರಣೆಗೇ ಇರಲಿ. ಮಣ್ಣು ಮಾತ್ರ ಮಾಸುವುದಿಲ್ಲ. ಲಕ್ಕುಂಡಿಯ ಕಂಬವನ್ನು ಲಕ್ಕುಂಡಿ ದಾರಿಯ ಮಣ್ಣಿನಲ್ಲೇ ಬರೆದರೆ ಹೇಗಿರುತ್ತದೆ, ಬರೆದು ನೋಡಿ.

ಮನೆಯಲ್ಲಿ ಕಸೂತಿ ಬಲ್ಲ ಅಜ್ಜಿ ಇದ್ದರೆ ಒಂದು ಗ್ರಾಫ್ ಹಾಳೆ ಹಿಡಿದು ಪಕ್ಕ ಕೂರಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ, ನಾಲ್ಕೇ ಹೊಲಿಗೆ. ಗವಂತಿಯಲ್ಲಿ ದಾರ ಹೋದ ದಾರಿಯಲ್ಲೇ ವಾಪಸ್ ಬಂದು ಬಿಟ್ಟ ಜಾಗ ತುಂಬುತ್ತದೆ. ಗಂಟಿಲ್ಲ. ಬಟ್ಟೆಯ ಎರಡೂ ಬದಿ ಒಂದೇ. ಗೋಪುರವನ್ನೋ ತೊಟ್ಟಿಲನ್ನೋ ಹಾಳೆಯಲ್ಲಿ ಪೆನ್ಸಿಲ್ ಎತ್ತದೆ ಹಾಗೆ ಬರೆಯಲು ಪ್ರಯತ್ನಿಸಿ. ಮೊಬೈಲ್ ಗೇಮಿಗಿಂತ ಕಷ್ಟ.

ಮಧ್ಯಾಹ್ನದ ರಾಗ

ಗಿಟಾರ್ ಕೇಳಿದ ತಮ್ಮಂದಿರೇ, ಈ ಬೇಸಿಗೆಗೆ ಗಂಟಲು ಸಾಕು. ಅದು ಪುಕ್ಕಟೆ, ಮತ್ತೆ ತಂತಿಯೂ ಹರಿಯುವುದಿಲ್ಲ.

ಹಿಂದೂಸ್ತಾನಿ ಸಂಗೀತದಲ್ಲಿ ರಾಗಕ್ಕೊಂದು ಹೊತ್ತಿದೆ. ಕಛೇರಿಗಳು ಸಂಜೆಯೇ ಜಾಸ್ತಿ, ಹಾಗಾಗಿ ಯಮನ್, ಮಾಲಕಂಸ್ ನಮ್ಮ ಕಿವಿಗೆ ಬಿದ್ದಿರುತ್ತವೆ. ಮಧ್ಯಾಹ್ನದ ರಾಗಗಳಿಗೆ ಕೇಳುಗರು ಕಡಿಮೆ. ರಜೆಯಲ್ಲಿ ನಮಗೆ ಸಿಗುವುದು ಮಧ್ಯಾಹ್ನವೇ ಅಲ್ವಾ? ವೃಂದಾವನಿ ಸಾರಂಗ ಹಿಡಿಯಿರಿ. ಸುಲಭವಾಗಿ ಗುರುತು ಸಿಗುತ್ತದೆ. ಅದರಲ್ಲಿ ಗಾಂಧಾರ (ಗ), ಧೈವತ (ಧ) ಇಲ್ಲ. ಸಾ ರೇ ಮ ಪ ನಿ, ಐದೇ ಸ್ವರ. ಹತ್ತುವಾಗ ಶುದ್ಧ ನಿಷಾದ (ನಿ), ಇಳಿಯುವಾಗ ಅದಕ್ಕಿಂತ ಸ್ವಲ್ಪ ಕೆಳಗಿನ ಕೋಮಲ ನಿಷಾದ. ಒಂದೇ ಮನೆಗೆ ಎರಡು ಬಾಗಿಲು ಇದ್ದ ಹಾಗೆ.

ಮೊದಲು ಏನೂ ಹಾಡಬೇಡಿ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಕಣ್ಣು ಮುಚ್ಚಿ, ನಿಮಗೆ ಆರಾಮ ಅನ್ನಿಸುವ ಸಾ, ಅಂದರೆ ಆಧಾರ ಸ್ವರ, ಹುಡುಕಿ. ಹುಡುಗಿಯರಿಗೆ ಸಾಮಾನ್ಯವಾಗಿ ಆ್ಯಪಿನಲ್ಲಿ ಜಿ ಶಾರ್ಪ್‌ನಿಂದ ಎ ಶಾರ್ಪ್‌ನೊಳಗೆ ಎಲ್ಲೋ, ಧ್ವನಿ ಒಡೆದ ಹುಡುಗರಿಗೆ ಸಿ ಆಸುಪಾಸು. ಮೊದಲ ವಾರ ಬರೀ ಸಾ ಹಚ್ಚಿ ಕೂರುವುದು. ಬೇಜಾರಾಗುತ್ತದೆ. ಆಗಲಿ. ತಂಬೂರಿಯೊಳಗೆ ನಿಮ್ಮ ಧ್ವನಿ ಕರಗಿ, ನೀವು ಹಾಡುತ್ತಿದ್ದೀರೋ ಇಲ್ಲವೋ ಅಂತ ನಿಮಗೇ ಅನುಮಾನ ಬಂದರೆ ಸಾ ಕೂತಿದೆ ಅಂತ ಅರ್ಥ.

ಕೇಳುವುದಕ್ಕೂ ಕ್ರಮ ಇದೆ. ಒಂದೇ ಧ್ವನಿಮುದ್ರಣ ಇಟ್ಟುಕೊಳ್ಳಿ. ಒಮ್ಮೆ ಬರೀ ತಬಲಾ ಕೇಳಿ. ತೀನ್‌ತಾಲ ಆದರೆ 16 ಮಾತ್ರೆ (ಎಣಿಕೆ): 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಕೈ ಬಿಡುವುದು. ಹಾಡುವವರು ಎಲ್ಲೆಲ್ಲಿಗೋ ಹೋಗಿ 1ಕ್ಕೆ, ಅಂದರೆ ಸಮಕ್ಕೆ, ಬಂದು ಇಳಿಯುವುದನ್ನು ಬೆರಳಲ್ಲಿ ಹಿಡಿಯಬೇಕು. ಇನ್ನೊಮ್ಮೆ ಬರೀ ಉಸಿರು ಕೇಳಿ, ಎಲ್ಲಿ ನಿಲ್ಲುತ್ತಾರೆ ಅಂತ. ಮತ್ತೊಮ್ಮೆ ಪೆನ್ಸಿಲ್ ಹಿಡಿದು ಕೇಳಿ: ಧ್ವನಿ ಏರಿದರೆ ಗೆರೆ ಏರಲಿ, ನಿಂತರೆ ನಿಲ್ಲಲಿ. ನನ್ನ ಗೋಡೆಯ ಮೇಲೆ ಇಂಥ ಗೆರೆಗಳೇ ಅಂಟಿಸಿವೆ. ಅವ್ವನ ಪ್ರಕಾರ ಅದು ಇಸಿಜಿ.

ಯಾರನ್ನು ಕೇಳಬೇಕು? ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಕೇಳಿದರೆ ಜನ ನಗುತ್ತಾರೆ. ಗಂಗೂಬಾಯಿ ಹಾನಗಲ್ ಅವರಿಂದ ಶುರು ಮಾಡಿ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಿರಾಣಾ ಘರಾಣೆಯ (ಹಾಡುಗಾರಿಕೆಯ ಪರಂಪರೆ) ಸವಾಯಿ ಗಂಧರ್ವರ ಹತ್ತಿರ ಕಲಿತವರು. ಗಾಂಧಾರಿ ಅನ್ನುವುದು ಅವರ ಮೊದಲ ಹೆಸರು. 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಅವರ ಧ್ವನಿ ಸಣ್ಣಗೆ, ಚೂಪಾಗಿದೆ. ಗಂಟಲಿನ ಚಿಕಿತ್ಸೆಯ ಮೇಲೆ ಅದು ಗಡುಸಾಯಿತು, ಆ ಗಡಸು ಧ್ವನಿಯಿಂದಲೇ ಅವರು ದೇಶಕ್ಕೆಲ್ಲ ಗೊತ್ತಾದರು. ಎರಡನ್ನೂ ಒಂದರ ಹಿಂದೊಂದು ಕೇಳಿ. ಧ್ವನಿ ಒಡೆಯುತ್ತಿರುವ ವಯಸ್ಸಿನ ಹುಡುಗರು ತಪ್ಪದೆ ಕೇಳಬೇಕು.

ಆಮೇಲೆ ಮಲ್ಲಿಕಾರ್ಜುನ ಮನ್ಸೂರ. ಅವರು ಚಿಕ್ಕಂದಿನಲ್ಲಿ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದರು, ಅಲ್ಲಿಂದಲೇ ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಘರಾಣೆ ಕಲಿಯಲು ಹೋದರು. ಮುಂದೆ ಮಂಜಿಖಾನ್, ಬುರ್ಜಿಖಾನ್ ಅವರಿಂದ ಜೈಪುರ-ಅತ್ರೌಲಿ. ಕಿರಾಣಾದವರು ಒಂದೊಂದು ಸ್ವರವನ್ನೂ ನಿಧಾನಕ್ಕೆ ತೆರೆಯುತ್ತಾರೆ. ಮನ್ಸೂರರು ಬಾಗಿಲು ತೆರೆಯುತ್ತಲೇ ರಾಗದ ನಡುಮನೆಗೆ ಕರೆದೊಯ್ಯುತ್ತಾರೆ. ಯಾರು ಮೇಲು ಅಂತ ಜಗಳ ಆಡಬೇಡಿ. ಈ ಸೀಮೆಯಲ್ಲಿ ಆ ಜಗಳ ತಲೆಮಾರಿನಿಂದ ನಡೆದಿದೆ, ನೀವಿಲ್ಲದೆಯೂ ನಡೆಯುತ್ತದೆ. ಧಾರವಾಡದಲ್ಲಿ ಅವರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ಒಮ್ಮೆ ಹೋಗಿ ಬನ್ನಿ.

ಗದಗದವರಿಗೆ ಇನ್ನೂ ಹತ್ತಿರದ ದಾರಿ ಇದೆ, ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟ ಜಾಗ. ಅಲ್ಲಿ ಮಕ್ಕಳು ಅಭ್ಯಾಸ ಮಾಡುತ್ತಿದ್ದರೆ ದೂರದಲ್ಲಿ ಸುಮ್ನೆ ಕೂತು ಕೇಳಿ. ಫೋನ್ ತೆಗೆದು ರೆಕಾರ್ಡ್ ಮಾಡಬೇಡಿ. ಅವರು ಒಂದೇ ಪಲಟಾವನ್ನು (ಅಭ್ಯಾಸದ ಸ್ವರಸಾಲು) ಎಷ್ಟು ಸಲ ತಿರುಗಿಸುತ್ತಾರೆ ಅನ್ನುವುದನ್ನು ಗಮನಿಸಿ. ಅದನ್ನು ಕೇಳಿದ ಮೇಲೆ ನಾನು ‘ಬರಲಿಲ್ಲ’ ಅನ್ನುವುದನ್ನು ಬಿಟ್ಟು ‘ಇನ್ನೂ ಮಾಡಿಲ್ಲ’ ಅನ್ನತೊಡಗಿದೆ.

ಮೂರು ನಿಮಿಷ ಯಾಕೆ

ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರರಿಂದ ಮೂರೂವರೆ ನಿಮಿಷ. ಒಂದು ಗಂಟೆ ಹಾಡುವವರು ಅಷ್ಟರಲ್ಲೇ ರಾಗದ ಮುಖ ತೋರಿಸಿ, ಬಂದಿಶ್ (ರಾಗದ ಹಾಡು) ಹಾಡಿ, ತಾನ್ (ವೇಗದ ಸ್ವರಗಳು) ಹಾಕಿ ಮುಗಿಸಬೇಕಿತ್ತು. ಕೇಳಿ ನೋಡಿ, ಒಂದು ಸೆಕೆಂಡೂ ಪೋಲಾಗಿರುವುದಿಲ್ಲ. ನಿಮ್ಮ ಸಿನಿಮಾಕ್ಕೂ ಅದೇ ಅಳತೆ. ಟೈಟಲ್ ಓಡಿಸಲು, ಡ್ರೋನ್ ಹಾರಿಸಲು, ನಾಯಕ ಅಲಾರಾಂ ಆರಿಸಿ ಹಲ್ಲುಜ್ಜಲು ಇದರಲ್ಲಿ ಜಾಗ ಇಲ್ಲ.

ಕಥೆ ಬರೆಯಬೇಡಿ. ಒಬ್ಬರು, ಒಂದು ಕೆಲಸ. ಮಗ್ಗದ ಕಾಕಾ, ಮಿರ್ಚಿ ಭಜಿ ಕರಿಯುವವರು, ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಹಾಕುವವರು, ನವಲಗುಂದದಲ್ಲಿ ಜಮಖಾನೆ ನೇಯುವ ಅಕ್ಕಂದಿರು, ಯಾರಾದರೂ ಸರಿ. ಮೊದಲ ಸಲ ಹೋದಾಗ ಫೋನ್ ಜೇಬಿನಲ್ಲೇ ಇರಲಿ. ಚಹಾ ಕುಡಿದು, ಕೆಲಸ ನೋಡಿ, “ನಾಳೆ ಬಂದ್ ವಿಡಿಯೋ ತಗೀಲ್ರಿ ಕಾಕಾ?” ಅಂತ ಕೇಳಿ ಬನ್ನಿ. ನಮ್ಮ ಓಣಿಯ ಮಗ್ಗದ ಕಾಕಾ “ನನ್ನ ಮಾರಿ ಏನ್ ತಗೀತಿ ತಂಗಿ, ಮಗ್ಗಾ ತಗಿ” ಅಂದರು. ಅವರು ಹೇಳಿದ್ದು ಸರಿಯೇ. ಕೈ ಮೊದಲು, ಮುಖ ಆಮೇಲೆ.

ಐದು ಶಾಟ್ ಸಾಕು. ಕೈ, ಹತ್ತಿರದಿಂದ. ಮುಖ, ಹತ್ತಿರದಿಂದ. ಕೈ ಮತ್ತು ಮುಖ ಒಟ್ಟಿಗೆ. ಇಡೀ ಕೋಣೆ, ದೂರದಿಂದ. ಕೊನೆಯದು ಅವರ ಹೆಗಲ ಹಿಂದಿನಿಂದ, ಅವರಿಗೆ ಕಾಣುವುದು ನಮಗೂ ಕಾಣುವಂತೆ. ಒಂದೊಂದನ್ನೂ ಕನಿಷ್ಠ 10 ಸೆಕೆಂಡ್ ಅಲ್ಲಾಡದೆ ಹಿಡಿಯಿರಿ. ಕ್ಯಾಮೆರಾ ಆ ಕಡೆ ಈ ಕಡೆ ತಿರುಗಿಸುವುದು, ಝೂಮ್ ಮಾಡುವುದು ಬೇಡ. ಅವರು ಚಲಿಸಲಿ, ನೀವು ನಿಲ್ಲಿ. ಕೈ ನಡುಗಿದರೆ ಬಾಗಿಲಿನ ಚೌಕಟ್ಟಿಗೆ ಒರಗಿ, ಉಸಿರು ಬಿಟ್ಟು ಹಿಡಿಯಿರಿ. ಫೋನ್ ಅಡ್ಡ ಇರಲಿ. ಪರದೆಯ ಮೇಲೆ ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಲಾಕ್ ಮಾಡದಿದ್ದರೆ ಲಾಳಿ ಓಡಿದಾಗಲೆಲ್ಲ ಚಿತ್ರ ಬೆಳ್ಳಗೆ ಕಪ್ಪಗೆ ಆಗುತ್ತಿರುತ್ತದೆ. ಟ್ಯೂಬ್‌ಲೈಟ್ ಕೆಳಗೆ ಪಟ್ಟೆಪಟ್ಟೆ ಮಿನುಗು ಕಂಡರೆ ಕಾರಣ ನಮ್ಮ ಕರೆಂಟು 50 ಹರ್ಟ್ಸ್. ಸೆಟ್ಟಿಂಗ್ಸ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 50ನೇ ಒಂದು ಅಥವಾ 100ನೇ ಒಂದು ಭಾಗ ಇಡಿ. ಆ ಆಯ್ಕೆ ಇಲ್ಲದ ಫೋನಾದರೆ ಲೈಟ್ ಆರಿಸಿ ಬಾಗಿಲ ಬೆಳಕಿಗೆ ಬನ್ನಿ. ಹೇಗೂ ಅದೇ ಚೆಂದ.

ಮೇ ತಿಂಗಳಲ್ಲಿ ಫೋನೂ ಸುಸ್ತಾಗುತ್ತದೆ. ಕವರ್ ತೆಗೆಯಿರಿ, ಚಾರ್ಜಿಗೆ ಹಾಕಿಕೊಂಡು ಶೂಟ್ ಮಾಡಬೇಡಿ, ನೆರಳಿಗೆ ಯಾರಾದರೂ ಛತ್ರಿ ಹಿಡಿಯಲಿ. ಕಾದ ಫೋನನ್ನು ಫ್ರಿಜ್ಜಿನಲ್ಲಿ ಇಡುವವರನ್ನು ಕಂಡಿದ್ದೇನೆ. ಒಳಗೆ ತೇವ ಹಿಡಿದರೆ ಗತಿ ಏನು? ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಒಳ್ಳೆಯ ಶಾಟ್ ನಡುವೆಯೇ ಸೋದರತ್ತೆಯ ಫೋನ್ ಬರುತ್ತದೆ. 1080ರಲ್ಲಿ ತೆಗೆದರೆ ನಿಮಿಷಕ್ಕೆ ಸುಮಾರು 100 ಎಂಬಿ ಹೋಗುತ್ತದೆ, ಹೊರಡುವ ಮೊದಲು ಜಾಗ ಖಾಲಿ ಮಾಡಿಕೊಳ್ಳಿ.

ಸದ್ದಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಇನ್ನೊಂದು ಫೋನನ್ನು ರೆಕಾರ್ಡರ್ ಮಾಡಿ ಮಾತಾಡುವವರ ಅಂಗಿ ಜೇಬಿನಲ್ಲಿಡಿ. ಎರಡೂ ಫೋನ್ ಶುರುವಾದ ಮೇಲೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಎಡಿಟಿಂಗ್‌ನಲ್ಲಿ ಆ ಸದ್ದಿಗೆ ಎರಡನ್ನೂ ಜೋಡಿಸಬಹುದು. ಮಾತಿನ ಹೊತ್ತಿಗೆ ಫ್ಯಾನ್ ಆರಿಸಬೇಕು. ಬೆವರು ಸುರಿಯಲಿ, ಎರಡೇ ನಿಮಿಷ. ಕೊನೆಗೆ ಎಲ್ಲರೂ ಬಾಯಿ ಮುಚ್ಚಿ ಕೂತು ಆ ಕೋಣೆಯ ಖಾಲಿ ಸದ್ದನ್ನು 30 ಸೆಕೆಂಡ್ ರೆಕಾರ್ಡ್ ಮಾಡಿ. ಕತ್ತರಿಸಿದ ಕಡೆಯೆಲ್ಲ ಅಡಿಯಲ್ಲಿ ಅದನ್ನು ಹಾಸಿದರೆ ಜೋಡಣೆ ಗೊತ್ತಾಗುವುದಿಲ್ಲ.

ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ. ಅದು ಬೇರೆಯವರದು, ಹಕ್ಕಿನ ತಕರಾರು ಬರುತ್ತದೆ. ಹಾಡು ಹಾಕಿದರೆ ಸಿನಿಮಾದ ಕೆಲಸವನ್ನು ಅದೇ ಮಾಡಿಬಿಡುತ್ತದೆ ಕೂಡ. ಮಗ್ಗದ ಟಕಟಕಕ್ಕೆ ತನ್ನದೇ ಲಯ ಇದೆ. ತೀನ್‌ತಾಲ ಎಣಿಸಿದ ಬೆರಳು ಈಗ ಕೆಲಸಕ್ಕೆ ಬರುತ್ತದೆ: ಟಕಟಕವನ್ನು ನಾಲ್ಕು ನಾಲ್ಕಾಗಿ ಎಣಿಸಿ, ಸಮದ ಮೇಲೆ ಶಾಟ್ ಬದಲಿಸಿ. ಮುಖ ಬರುವ ಜಾಗಕ್ಕೆ ನಿಮ್ಮ ಸಾರಂಗದ ಒಂದು ಗುನುಗು ಸಾಕು, ಒಂದೇ ಉಸಿರಿನದು. ಟೈಟಲ್ ಹಾಳೆಯನ್ನು ಮಣ್ಣಿನ ಬಣ್ಣದಲ್ಲಿ ಬರೆದು ಫೋಟೊ ತೆಗೆದು ಹಾಕಿ.

ಎಡಿಟಿಂಗ್‌ಗೆ ಪುಕ್ಕಟೆ ಆ್ಯಪ್‌ಗಳು ಸಾಕು. ಕ್ರಮ ಮಾತ್ರ ನೆನಪಿಡಿ: ಮೊದಲು ಸದ್ದನ್ನು ಸಾಲಾಗಿ ಜೋಡಿಸಿ, ಅದು ಕಣ್ಣು ಮುಚ್ಚಿ ಕೇಳಿದರೂ ಅರ್ಥ ಆಗುವಂತಿರಲಿ. ಆಮೇಲೆ ಅದರ ಮೇಲೆ ಚಿತ್ರ. ಹೊಳೆಯುವ ಎಫೆಕ್ಟು, ತಿರುಗುವ ಅಕ್ಷರ ಯಾವುದೂ ಬೇಡ. ಸಂಜೆ ಗುಡುಗಿದರೆ ಫೋನ್ ಚಾರ್ಜಿನಿಂದ ತೆಗೆದು, ಅಷ್ಟರವರೆಗಿನದನ್ನು ಪೆನ್‌ಡ್ರೈವಿಗೆ ಹಾಕಿ. ಭರಣಿ, ಕೃತ್ತಿಕಾ ಮಳೆ ಹೇಳಿ ಬರುವುದಿಲ್ಲ, ಬಂದರೆ ಕರೆಂಟು ಹೋಗುವುದಂತೂ ಗ್ಯಾರಂಟಿ.

ತಯಾರಾದ ಮೇಲೆ ಮೊದಲು ತೋರಿಸಬೇಕಾದದ್ದು ಕೆಲಸ ಮಾಡಿದವರಿಗೇ. ಅವರು ಬೇಡ ಅಂದ ಶಾಟ್ ಹೊರಗೆ. ಆಮೇಲೆ ಮಾಳಿಗೆಯ ಮೇಲೆ ಬಿಳಿ ಚಾದರ ಕಟ್ಟಿ, ಯಾರದಾದರೂ ಪ್ರೊಜೆಕ್ಟರ್ ತಂದು, ಇಲ್ಲವೇ ಒಳಗೆ ಟಿವಿಗೆ ಜೋಡಿಸಿ ಓಣಿಯವರನ್ನು ಕರೆಯಿರಿ. ಗಿರ್ಮಿಟ್ ಮಾಡಿಸಿದರೆ ಜನ ಜಾಸ್ತಿ ಬರುತ್ತಾರೆ. “ಹೆಂಗಿತ್ತು?” ಅಂತ ಕೇಳಬೇಡಿ, ಎಲ್ಲರೂ ಚಲೋ ಇತ್ತು ಅಂತಲೇ ಹೇಳುತ್ತಾರೆ. ನೀವು ಪರದೆ ನೋಡುವ ಬದಲು ಜನರ ಮುಖ ನೋಡುತ್ತಾ ಪಕ್ಕದಲ್ಲಿ ನಿಲ್ಲಿ. ಯಾವ ಸೆಕೆಂಡಿನಲ್ಲಿ ಯಾರು ಗಿರ್ಮಿಟ್ ತಟ್ಟೆಯ ಕಡೆ ನೋಡಿದರು ಅಂತ ಬರೆದುಕೊಂಡು, ಮರುದಿನ ಆ ಜಾಗ ಕತ್ತರಿಸಿ.